ತೊಗರಿಯ ನಾಡೂ ಬದಲಾಗುತ್ತಿರುವ ಲೋಕವ್ಯವಸ್ಥೆಯೂ

ಲೋಕದ ಇತಿಹಾಸವು ದೂರದ ರಾಜಧಾನಿಗಳಲ್ಲಿ ನಡೆಯತಕ್ಕದ್ದೆಂದೂ, ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಂಥ ಗಡಿಯೂರುಗಳಿಗೆ ಅದರ ಸುದ್ದಿ ಮಾತ್ರ ಬಂದು ಮುಟ್ಟುವುದೆಂದೂ ಭಾವಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ೨೦೧೭ನೆಯ ಇಸವಿಯ ಬೇಸಗೆಯ ಮೊದಲಲ್ಲಿ ಒಂದು ದಿನ, ಒಂಬತ್ತನೆಯ ತರಗತಿಯಲ್ಲಿ ಸಮಾಸಗಳನ್ನು ಹೇಳಿಕೊಡುತ್ತಿದ್ದಾಗ ರೈತನ ಮಗನೊಬ್ಬನು ಎದ್ದು ನಿಂತು ಕೇಳಿದನು: "ಸರ್, ನಮ್ಮ ತೊಗರಿ ಇನ್ನಾ ಚೀಲದಾಗೇ ಅದರಿ. ಸಮುದ್ರದ ಆಚಿಂದ ಮತ್ತ ತೊಗರಿ ಯಾಕ ತರಸ್ತಾರ್ರಿ?"

ಪಾಠಕ್ಕೂ ಆ ಪ್ರಶ್ನೆಗೂ ಸಂಬಂಧವಿರಲಿಲ್ಲ. ಆದರೂ ಅವನನ್ನು ಗದರಿಸುವ ಮನಸ್ಸು ನನಗೆ ಬರಲಿಲ್ಲ. ಏಕೆಂದರೆ ಅದೇ ವಾರ ನನ್ನ ಅಣ್ಣನವರೂ ಖರೀದಿ ಕೇಂದ್ರವೊಂದರ ಮುಂದೆ ಚೀಲಗಳ ಮೇಲೆಯೇ ಮಲಗಿ ಮೂರು ರಾತ್ರಿಗಳನ್ನು ಕಳೆದಿದ್ದರು. ಹುಡುಗನಿಗೆ ಅಂದು ಏನೋ ಒಂದು ಸಮಾಧಾನ ಹೇಳಿ ಕೂರಿಸಿದೆನು. ಸರಿಯಾದ ಉತ್ತರವನ್ನು ಹುಡುಕುತ್ತ ಹೋದಂತೆ, ಹೊಸದಾಗಿ ತಲೆಯೆತ್ತುತ್ತಿರುವ ರಾಷ್ಟ್ರಗಳ ಆರ್ಥಿಕ ಸಹಕಾರವೆಂಬ ದೊಡ್ಡ ಮಾತು ನಮ್ಮ ಹೊಲದ ಬದುವಿನವರೆಗೂ ಬಂದಿರುವುದು ಕಾಣತೊಡಗಿತು. ಆ ಹುಡುಕಾಟದಲ್ಲಿ ದೊರೆತುದನ್ನು ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯ ಮೂಲಕ ಗಡಿನಾಡಿನ ಬಂಧುಗಳ ಮುಂದೆ ಇಡುತ್ತಿರುವೆನು.

ಮೊದಲು ನಮ್ಮ ಸೀಮೆಯ ಹಳೆಯ ಕಥೆಯನ್ನು ನೆನೆಯೋಣ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನೀ ರಾಜ್ಯದ ರಾಜಧಾನಿಯು ಕಲಬುರಗಿಯಿಂದ ಬೀದರಿಗೆ ಬಂದಿತು. ಇಂದಿನ ನಮ್ಮ ತಾಲ್ಲೂಕುಗಳ ಭೂಮಿ ಆ ರಾಜಧಾನಿಯ ಸುತ್ತಣ ಭೂಮಿಯಾಗಿದ್ದಿತು. ಆ ರಾಜ್ಯದ ಪ್ರಖ್ಯಾತ ಮಂತ್ರಿಯಾದ ಮಹಮೂದ್ ಗವಾನನು ಪಾರಸಿಕ ದೇಶದ ಗಿಲಾನದವನು. ೧೪೫೩ರಲ್ಲಿ ವ್ಯಾಪಾರಿಯಾಗಿ ಈ ನಾಡಿಗೆ ಬಂದು ದೊಡ್ಡ ಪದವಿಗೇರಿದವನು. ಬೀದರಿನಲ್ಲಿ ಅವನು ಕಟ್ಟಿಸಿದ ವಿದ್ಯಾಲಯವು ೧೪೭೨ರಲ್ಲಿ ಪೂರ್ಣವಾಯಿತು. ಅದೇ ವರ್ಷ ಗೋವೆಯ ಬಂದರವೂ ಅವನ ಕೈಸೇರಿತು. ಅರಬರ ಕುದುರೆಗಳು ದಾಭೋಳ, ಚೌಲ, ಗೋವೆಗಳಲ್ಲಿ ಇಳಿದು ಘಟ್ಟವನ್ನೇರಿ ಈ ಪೀಠಭೂಮಿಗೆ ಬರುತ್ತಿದ್ದವು. ರಷ್ಯದ ತ್ವೇರ್ ನಗರದ ವರ್ತಕನಾದ ಅಫನಾಸಿ ನಿಕಿತಿನನು ತನ್ನ ಕುದುರೆಯನ್ನು ಹಡಗಿನಲ್ಲಿ ಚೌಲಕ್ಕೆ ತಂದು, ಅದನ್ನು ಬೀದರಿನಲ್ಲಿ ಮಾರಿದ ವೃತ್ತಾಂತವನ್ನು ತಾನೇ ಬರೆದಿಟ್ಟಿರುವನು. ಪೂರ್ವ ಆಫ್ರಿಕದಿಂದ ಬಂದ ಹಬಶಿಗಳು ದಖ್ಖಣದ ದರಬಾರುಗಳಲ್ಲಿ ಸೇನಾನಿಗಳೂ ಮಂತ್ರಿಗಳೂ ಆದರು. ಆಫ್ರಿಕವು ನಮ್ಮ ಹಿರಿಯರಿಗೆ ಅಪರಿಚಿತ ಖಂಡವಾಗಿರಲಿಲ್ಲವೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಆ ಕಾಲದ ಹಿಂದೂ ಮಹಾಸಾಗರಕ್ಕೆ ಒಬ್ಬನೇ ಒಡೆಯನಿರಲಿಲ್ಲ. ಬಂದರಿನಲ್ಲಿ ಸುಂಕ ಕೊಟ್ಟವನು ಸರಕು ಇಳಿಸುತ್ತಿದ್ದನು. ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ಮೇಲೆ ಈ ವ್ಯವಸ್ಥೆ ಮುರಿಯಿತು. ೧೫೧೦ರಲ್ಲಿ ಪೋರ್ಚುಗೀಸರು ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡರು. ಆಮೇಲೆ ತಮ್ಮಿಂದ ರಹದಾರಿ ಪತ್ರವನ್ನು ಪಡೆಯದ ಹಡಗುಗಳನ್ನು ಹಿಡಿದು ಸರಕನ್ನು ಜಪ್ತಿ ಮಾಡುವ ಪದ್ಧತಿಯನ್ನು ಆರಂಭಿಸಿದರು. ಆಫ್ರಿಕದ ಮೊಜಾಂಬಿಕ್ ದ್ವೀಪವು ಅವರ ಗೋವೆಯ ಮಾರ್ಗದಲ್ಲಿ ಒಂದು ತಂಗುದಾಣವಾಯಿತು. ಈ ಮೊಜಾಂಬಿಕ್ ಎಂಬ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಅದು ಮುಂದೆ ಮತ್ತೆ ಬರುವುದು.

ಈ ದಬ್ಬಾಳಿಕೆಯನ್ನು ಎದುರಿಸಲು ಸ್ಥಳೀಯ ಶಕ್ತಿಗಳು ಒಂದಾಗಲಿಲ್ಲವೆಂದು ಹೇಳಲಾಗದು. ೧೫೭೦-೭೧ರಲ್ಲಿ ಬಿಜಾಪುರದ ಅಲಿ ಆದಿಲಶಹನು ಗೋವೆಯನ್ನೂ, ಅಹಮದನಗರದ ಮುರ್ತಜಾ ನಿಜಾಮಶಹನು ಚೌಲವನ್ನೂ ಮುತ್ತಿದರು. ಕಲ್ಲಿಕೋಟೆಯ ಸಾಮೂದಿರಿಯು ಚಾಲಿಯಂ ಕೋಟೆಯನ್ನು ಹಿಡಿದನು. ಚಾಲಿಯಂ ಬಿದ್ದಿತು, ಗೋವೆ ಮತ್ತು ಚೌಲಗಳು ಬೀಳಲಿಲ್ಲ. ಒಬ್ಬೊಬ್ಬರೂ ಬೇರೆಬೇರೆಯಾಗಿ ಸಂಧಿ ಮಾಡಿಕೊಂಡರು. ಯುದ್ಧಕ್ಕಾಗಿ ಕೂಡಿದವರು ಯುದ್ಧ ಮುಗಿದೊಡನೆ ಚದುರಿದರು. ಮೂವರಿಗೂ ಬಂದರುಗಳಿದ್ದವು, ಸರಕಿತ್ತು, ವರ್ತಕರಿದ್ದರು. ಆದರೆ ಒಟ್ಟಾಗಿ ವ್ಯಾಪಾರವನ್ನು ನಡೆಸುವ ನಿತ್ಯದ ಏರ್ಪಾಡೊಂದನ್ನು ಅವರು ಕಟ್ಟಲಿಲ್ಲ. ಸಮಾನ ಶತ್ರುವಿನಿಂದ ಹುಟ್ಟಿದ ಮೈತ್ರಿಗೆ ಸಮಾನವಾದ ನಿಯಮಗಳು ಬೆಂಬಲವಾಗದಿದ್ದರೆ ಅದು ಹೆಚ್ಚು ಕಾಲ ಬಾಳದೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ದೊರೆಯುವ ದೃಷ್ಟಾಂತವಿದು.

ಮುಂದಿನ ಶತಮಾನಗಳ ಕಥೆಯು ಎಲ್ಲರಿಗೂ ತಿಳಿದುದೇ ಆಗಿರುವುದರಿಂದ ವಿಸ್ತರಿಸುವುದಿಲ್ಲ. ನಿಜಾಮರ ಕಾಲದಲ್ಲಿ, ೧೮೭೪ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆಯಿತು. ತಾಂಡೂರು ಆ ದಾರಿಯ ಮೇಲಿರುವುದು. ಇಲ್ಲಿನ ಕಾಳು, ಕಲ್ಲುಗಳು ವಾಡಿಯ ಮೂಲಕ ಮುಂಬಯಿಯ ಪೇಟೆಗೆ ಹೋಗಲು ಅನುಕೂಲವಾಯಿತು. ಅಂತೆಯೇ ಮುಂಬಯಿಯ ಪೇಟೆಯ ಏರಿಳಿತವು ತಾಂಡೂರಿನ ಗಂಜಿಗೆ ಬರಲೂ ದಾರಿಯಾಯಿತು.

ಇನ್ನು ೧೯೫೫ ಮತ್ತು ೧೯೫೬ನೆಯ ಇಸವಿಗಳಿಗೆ ಬರೋಣ. ೧೯೫೫ರ ಏಪ್ರಿಲ್ ೧೮ರಿಂದ ೨೪ರವರೆಗೆ ಇಂಡೊನೇಷಿಯದ ಬಾಂಡುಂಗ್ ನಗರದಲ್ಲಿ ಏಷ್ಯ ಹಾಗೂ ಆಫ್ರಿಕದ ೨೯ ರಾಷ್ಟ್ರಗಳು ಸೇರಿದವು. ಅವುಗಳಲ್ಲಿ ಹಲವು ಆಗತಾನೆ ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದವು. ಆ ಸಮ್ಮೇಲನದ ಅಂತಿಮ ಪ್ರಕಟಣೆಯ ಮೊದಲನೆಯ ಭಾಗವೇ ಆರ್ಥಿಕ ಸಹಕಾರವನ್ನು ಕುರಿತುದು. ಅದರಲ್ಲಿ ಎರಡು ಸಲಹೆಗಳು ನಮ್ಮಂಥ ರೈತಸೀಮೆಯವರಿಗೆ ಮುಖ್ಯವಾದವು. ಕೃಷಿ ಮೊದಲಾದ ಮೂಲ ಪದಾರ್ಥಗಳ ಬೆಲೆಯೂ ಬೇಡಿಕೆಯೂ ಏರುಪೇರಾಗದಂತೆ ರಾಷ್ಟ್ರಗಳು ಪರಸ್ಪರ ಒಪ್ಪಂದಗಳಿಂದ ನೋಡಿಕೊಳ್ಳಬೇಕೆಂಬುದು ಒಂದು. ಸಾಧ್ಯವಿದ್ದಲ್ಲೆಲ್ಲ ಕಚ್ಚಾ ಸರಕನ್ನು ತಮ್ಮಲ್ಲಿಯೇ ಸಂಸ್ಕರಿಸಿ ಆಮೇಲೆ ಹೊರದೇಶಕ್ಕೆ ಕಳುಹಿಸಬೇಕೆಂಬುದು ಇನ್ನೊಂದು.

ಬಾಂಡುಂಗಿನಲ್ಲಿ ಲೋಕದ ಹೊಸ ನಕ್ಷೆಯ ಮಾತು ನಡೆದ ವರ್ಷವೇ ರಾಜ್ಯ ಪುನರ್ವಿಂಗಡಣಾ ಆಯೋಗವು ತನ್ನ ವರದಿಯನ್ನು ಸಲ್ಲಿಸಿತು. ೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯವು ಮೂರು ಭಾಗವಾಯಿತು. ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕೂ, ನಿರ್ಣಾ ವೃತ್ತವನ್ನುಳಿದ ಜಹೀರಾಬಾದು ತಾಲ್ಲೂಕೂ, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತವೂ, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಮಗಳನ್ನು ಕೊಟ್ಟ ಊರು ಒಂದು ರಾಜ್ಯದಲ್ಲಿಯೂ ತವರು ಇನ್ನೊಂದು ರಾಜ್ಯದಲ್ಲಿಯೂ ಉಳಿದವು. ಆದರೆ ಎರೆನೆಲಕ್ಕೆ ಗಡಿ ತಿಳಿಯದು. ಬಿಳಿಜೋಳವನ್ನೂ ತೊಗರಿಯನ್ನೂ ಬಿತ್ತುವ ಕ್ರಮವು ಗಡಿಯ ಈಚೆಗೂ ಆಚೆಗೂ ಒಂದೇ ಆಗಿರುವುದು. ನಾವು ತೊಗರಿ ಎನ್ನುವೆವು, ತೆಲುಗರು ಕಂದಿ ಎನ್ನುವರು, ದಖನಿ ಮಾತಿನವರು ತೂರ್ ಎನ್ನುವರು; ಗಂಜಿನ ತಕ್ಕಡಿಗೆ ಮೂರೂ ಒಂದೇ.

ಬಾಂಡುಂಗಿನ ಆಸೆಗಳು ಬೇಗ ಫಲಿಸಲಿಲ್ಲ. ೧೯೬೪ರಲ್ಲಿ ಜಿನೀವದಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ವ್ಯಾಪಾರ ಹಾಗೂ ಅಭಿವೃದ್ಧಿ ಸಮ್ಮೇಲನವು ಮೊದಲ ಸಲ ನೆರೆಯಿತು. ಅದರ ಕೊನೆಯಲ್ಲಿ, ಜೂನ್ ೧೫ರಂದು, ೭೭ ರಾಷ್ಟ್ರಗಳು ತಮ್ಮದೊಂದು ಕೂಟವನ್ನು ಮಾಡಿಕೊಂಡವು. ಕಾಳು ಬೆಳೆಯುವವನಿಗೆ ಬರುವ ಬೆಲೆಯು ಯಂತ್ರ ಮಾಡುವವನಿಗೆ ಬರುವ ಬೆಲೆಯ ಮುಂದೆ ಕಾಲಕ್ರಮದಲ್ಲಿ ಕುಗ್ಗುತ್ತಲೇ ಹೋಗುವುದೆಂದು ವಾದಿಸಿದ ಅರ್ಜೆಂಟೀನದ ರೌಲ್ ಪ್ರೆಬಿಷ್ ಎಂಬ ಅರ್ಥಶಾಸ್ತ್ರಜ್ಞರು ಆ ಸಮ್ಮೇಲನದ ಮಹಾಕಾರ್ಯದರ್ಶಿಯಾಗಿದ್ದರು.

ಆದರೆ ಸಭೆಗಳ ಗದ್ದಲದಿಂದ ದೂರವಾಗಿ, ನಮ್ಮ ಮಗ್ಗುಲಿನಲ್ಲಿಯೇ, ಮೌನವಾದ ಕಾರ್ಯವೊಂದು ಆರಂಭವಾಯಿತು. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರುವನ್ನು ದಾಟುವಾಗ ರಸ್ತೆಯ ಬದಿಗೆ ವಿಶಾಲವಾದ ಪ್ರಯೋಗದ ಹೊಲಗಳು ಕಾಣುವವು. ಅದು ೧೯೭೨ರಲ್ಲಿ ಸ್ಥಾಪಿತವಾದ, ಇಕ್ರಿಸ್ಯಾಟ್ ಎಂದು ಪ್ರಸಿದ್ಧವಾದ, ಒಣಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಜೋಳ, ಸಜ್ಜೆ, ಕಡಲೆ, ಶೇಂಗಾಗಳ ಜೊತೆಗೆ ತೊಗರಿಯೂ ಅದರ ಬೆಳೆಗಳಲ್ಲಿ ಒಂದು. ಅನೇಕ ದೇಶಗಳಿಂದ ಕೂಡಿಸಿದ ತೊಗರಿಯ ಹದಿಮೂರು ಸಾವಿರಕ್ಕೂ ಮೇಲ್ಪಟ್ಟ ಬೀಜದ ಮಾದರಿಗಳನ್ನು ಅಲ್ಲಿ ಶೀತಲಗೃಹದಲ್ಲಿ ಕಾಪಾಡಲಾಗಿದೆ. ನಿಂತ ಗಿಡವನ್ನೇ ಒಣಗಿಸುವ ನೆಟೆ ರೋಗದಿಂದ ಕಲಬುರಗಿ ಸೀಮೆಯ ರೈತನು ಕಂಗೆಟ್ಟಿದ್ದಾಗ ೧೯೮೬ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿಯೂ, ನೆಟೆಯನ್ನೂ ಗೊಡ್ಡು ರೋಗವನ್ನೂ ತಡೆಯುವ 'ಆಶಾ' ತಳಿಯೂ ಈ ಹೊಲಗಳ ಪರಿಶ್ರಮದಿಂದ ಬಂದವು. ಇದೇ ಸಂಸ್ಥೆಯು ಆಫ್ರಿಕದ ವಿಜ್ಞಾನಿಗಳೊಡನೆ ಕೂಡಿ ಕೆನ್ಯ, ತಾಂಜಾನಿಯ, ಮಲಾವಿ, ಮೊಜಾಂಬಿಕ್‌ಗಳ ಹವೆಗೆ ಹೊಂದುವ, ರೋಗ ತಡೆಯುವ ತೊಗರಿಯ ತಳಿಗಳನ್ನು ಸಿದ್ಧಪಡಿಸಿತು. ಮಲಾವಿಯಲ್ಲಿ ತೊಗರಿಗೆ ನಾಂದೋಲೊ ಎಂದು ಹೆಸರು. ಅಲ್ಲಿನ ಒಕ್ಕಲಿಗನು ಮೆಕ್ಕೆಜೋಳದ ನಡುವೆ ತೊಗರಿಯನ್ನು ಹಾಕುವನು, ನಾವು ಬಿಳಿಜೋಳದ ನಡುವೆ ಅಕ್ಕಡಿ ಸಾಲು ಹಾಕುವಂತೆ. ಭಾರತದಲ್ಲಿ ಹುಟ್ಟಿ ಸಮುದ್ರ ದಾಟಿ ಹೋದ ಬೆಳೆಗೆ ಹೀಗೆ ಎರಡು ಖಂಡಗಳ ಒಕ್ಕಲುತನದ ಅನುಭವವೂ ಒಂದೆಡೆ ಸೇರಿತು.

ಈ ಶತಮಾನದ ಆರಂಭದಲ್ಲಿ ಲೋಕದ ಸಂಪತ್ತಿನ ತೂಕವು ಸರಿಯತೊಡಗಿತು. ೨೦೦೯ರ ಜೂನ್ ತಿಂಗಳಲ್ಲಿ ಬ್ರೆಜಿಲ್, ರಷ್ಯ, ಭಾರತ, ಚೀನಗಳ ಮುಖಂಡರು ರಷ್ಯದ ಯೆಕತೆರಿನ್‌ಬರ್ಗ್ ನಗರದಲ್ಲಿ ಸೇರಿದರು; ಮುಂದೆ ದಕ್ಷಿಣ ಆಫ್ರಿಕವೂ ಕೂಡಿಕೊಂಡು ಬ್ರಿಕ್ಸ್ ಎಂಬ ಹೆಸರು ಬಂದಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಮುಖ್ಯ ನಿರ್ಣಯಗಳಿಗೆ ಶೇಕಡ ೮೫ರಷ್ಟು ಮತಗಳು ಬೇಕು. ಅಮೆರಿಕವೊಂದರ ಕೈಯಲ್ಲಿಯೇ ಶೇಕಡ ೧೬ಕ್ಕಿಂತ ಹೆಚ್ಚು ಮತಗಳಿವೆ. ಎಂದರೆ ಒಬ್ಬನು ಒಲ್ಲೆನೆಂದರೆ ಉಳಿದವರೆಲ್ಲರ ಮಾತೂ ನಿಲ್ಲುವುದು. ಇದಕ್ಕೆ ಪ್ರತಿಯಾಗಿ ೨೦೧೪ರ ಜುಲೈ ತಿಂಗಳಲ್ಲಿ ಬ್ರೆಜಿಲಿನ ಫೋರ್ಟಲೇಜದಲ್ಲಿ ಈ ಐದು ರಾಷ್ಟ್ರಗಳು ಹೊಸ ಅಭಿವೃದ್ಧಿ ಬ್ಯಾಂಕನ್ನು ಸ್ಥಾಪಿಸಲು ಒಪ್ಪಿದವು. ಐವರಿಗೂ ಸಮಾನ ಪಾಲು, ಸಮಾನ ಮತ. ಯಾರಿಗೂ ತಡೆಯುವ ವಿಶೇಷಾಧಿಕಾರವಿಲ್ಲ. ಶಾಂಘಾಯಿಯಲ್ಲಿ ಕಚೇರಿಯುಳ್ಳ ಈ ಬ್ಯಾಂಕಿನ ಮೊದಲ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ಕೆ. ವಿ. ಕಾಮತರು. ೨೦೧೫ರಿಂದ ೨೦೨೦ರವರೆಗೆ ಅವರು ಆ ಸ್ಥಾನದಲ್ಲಿದ್ದುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. ಫೋರ್ಟಲೇಜದ ಸಭೆಗೆ ಆರು ವಾರಗಳ ಹಿಂದೆ, ಜೂನ್ ೨ರಂದು, ತೆಲಂಗಾಣ ರಾಜ್ಯವು ಹುಟ್ಟಿ ನಮ್ಮ ವಿಳಾಸವು ಇನ್ನೊಮ್ಮೆ ಬದಲಾಗಿದ್ದಿತು!

ಈಗ ಆ ಹುಡುಗನ ಪ್ರಶ್ನೆಗೆ ಬರುವೆನು. ೨೦೧೫ರಲ್ಲಿ ಮಳೆ ಕೈಕೊಟ್ಟು, ಆ ವರ್ಷದ ತೊಗರಿಯ ಬೆಳೆಯು ದೇಶದಲ್ಲೆಲ್ಲ ಸುಮಾರು ೨೫ ಲಕ್ಷ ಟನ್ನಿಗೆ ಇಳಿಯಿತು. ಬೇಳೆಯ ಬೆಲೆ ಕಿಲೋಗೆ ೨೦೦ ರೂಪಾಯಿಯ ಹತ್ತಿರ ಏರಿತು. ಬಡವರ ಮನೆಯ ಸಾರು ತೆಳುವಾಯಿತು. ಆಗ ಭಾರತ ಸರಕಾರವು ೨೦೧೬ರ ಜುಲೈ ತಿಂಗಳಲ್ಲಿ ಮೊಜಾಂಬಿಕ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ ಒಂದು ಲಕ್ಷ ಟನ್ನು. ವರ್ಷವರ್ಷವೂ ಏರುತ್ತ ೨೦೨೦-೨೧ರ ಹೊತ್ತಿಗೆ ಎರಡು ಲಕ್ಷ ಟನ್ನು ತೊಗರಿಯನ್ನು ಆ ದೇಶದಿಂದ ತರಿಸುವುದೆಂದು ಅದರ ಕರಾರು. ೧೯೭೫ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಆ ದೇಶವೂ, ಅವರಿಂದಲೇ ಬಂದರು ಕಳೆದುಕೊಂಡಿದ್ದ ದಖ್ಖಣವಿರುವ ಈ ದೇಶವೂ ನಡುವೆ ಮೂರನೆಯವನ ರಹದಾರಿಯಿಲ್ಲದೆ ಕಾಳಿನ ಮಾತು ಆಡಿದುದು ಸಣ್ಣ ಸಂಗತಿಯಲ್ಲ. ಉದ್ದೇಶವೂ ಒಳ್ಳೆಯದೇ ಆಗಿದ್ದಿತು.

ಆದರೆ ಬೆಲೆ ಏರಿದುದನ್ನು ಕಂಡ ನಮ್ಮ ರೈತರು ಆ ಮುಂಗಾರಿನಲ್ಲಿ ಎಲ್ಲೆಲ್ಲಿಯೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಒದಗಿತು. ೨೦೧೬-೧೭ರ ಬೆಳೆ ೪೮ ಲಕ್ಷ ಟನ್ನನ್ನು ಮೀರಿತು. ಕ್ವಿಂಟಲಿಗೆ ೫,೦೫೦ ರೂಪಾಯಿ ಬೆಂಬಲ ಬೆಲೆಯೆಂದು ಸಾರಿದ್ದರೂ ಗಂಜಿನ ಬೆಲೆ ಅದಕ್ಕಿಂತ ಕೆಳಗಿಳಿಯಿತು. ಗೋಣಿಚೀಲಗಳು ಸಾಲದೆ ಖರೀದಿ ನಿಂತು ನಿಂತು ನಡೆಯಿತು. ನನ್ನ ಅಣ್ಣನವರು ಚೀಲಗಳ ಮೇಲೆ ಮಲಗಿದುದು ಆಗಲೇ. ಆಗಸ್ಟ್ ೨೦೧೭ರಲ್ಲಿ ಸರಕಾರವು ಹೊರಗಿನಿಂದ ಬರುವ ತೊಗರಿಗೆ ವರ್ಷಕ್ಕೆ ಎರಡು ಲಕ್ಷ ಟನ್ನಿನ ಮಿತಿಯನ್ನು ಹಾಕಿತು. ಸರಕಾರಗಳ ನಡುವಣ ಒಪ್ಪಂದದ ತೊಗರಿಯು ಈ ಮಿತಿಗೆ ಹೊರಗಾಗಿದ್ದರೂ, ಭಾರತವು ಕೊಳ್ಳುವುದೆಂದು ನಂಬಿ ಅದಕ್ಕಿಂತ ಹೆಚ್ಚು ಬಿತ್ತಿದ್ದ ಮೊಜಾಂಬಿಕ್‌ನ ಸಣ್ಣ ರೈತನ ಬೆಲೆಯು ಕುಸಿದು ಹೋಯಿತು. ತನ್ನ ಮನೆಯ ಅಡುಗೆಗೆ ಅವನು ತೊಗರಿಯನ್ನು ಬಳಸುವುದು ಸ್ವಲ್ಪ. ಬೆಳೆಯುವುದು ಬಹುಪಾಲು ನಮ್ಮ ಊಟಕ್ಕಾಗಿ.

ತಾಂಡೂರಿನ ರೈತನು ಮೊಜಾಂಬಿಕ್‌ನ ರೈತನಿಂದ ತಾನು ಕೆಟ್ಟೆನೆಂದನು. ಆತನು ಭಾರತದವರಿಂದ ತಾನು ಕೆಟ್ಟೆನೆಂದನು. ಇಬ್ಬರ ಬೀಜಕ್ಕೂ ಸಂಬಂಧವಿದೆ. ಇಬ್ಬರ ರೋಗಕ್ಕೂ ಮದ್ದು ಪಟಾನ್‌ಚೆರುವಿನಿಂದ ಬಂದಿದೆ. ಆದರೆ ಒಬ್ಬನು ಎಷ್ಟು ಎಕರೆ ಬಿತ್ತಿದನೆಂಬುದು ಇನ್ನೊಬ್ಬನಿಗೆ ತಿಳಿಯುವ ಏರ್ಪಾಡಿರಲಿಲ್ಲ. ಬೆಲೆ ಬಿದ್ದರೆ ಹೊರೆಯನ್ನು ಹಂಚಿಕೊಳ್ಳುವ ಕರಾರೂ ಇರಲಿಲ್ಲ. ಬಾಂಡುಂಗಿನ ಮೊದಲ ಸಲಹೆಯನ್ನು ಅರುವತ್ತು ವರ್ಷಗಳ ಮೇಲೆಯೂ ನಾವು ಪೂರ್ಣವಾಗಿ ಆಚರಣೆಗೆ ತರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಎರಡನೆಯ ಸಲಹೆಯೂ ಹಾಗೆಯೇ ಉಳಿದಿದೆ. ಆಫ್ರಿಕದ ತೊಗರಿಯು ಬಹುಪಾಲು ಇಡಿಯ ಕಾಳಾಗಿಯೇ ಹಡಗನ್ನೇರುವುದು, ಅದನ್ನು ಒಡೆದು ಬೇಳೆ ಮಾಡುವ ಲಾಭವು ಬೇರೆಯವರಿಗೆ ಸಲ್ಲುವುದು. ೨೦೨೧ರಲ್ಲಿ ಮೊಜಾಂಬಿಕ್‌ನ ಒಪ್ಪಂದವನ್ನು ವರ್ಷಕ್ಕೆ ಎರಡು ಲಕ್ಷ ಟನ್ನಿನಂತೆ ಮತ್ತೆ ಐದು ವರ್ಷ ಮುಂದುವರಿಸಿ, ಮಲಾವಿಯೊಡನೆ ಐವತ್ತು ಸಾವಿರ ಟನ್ನಿಗೂ ಮ್ಯಾನ್ಮಾರಿನೊಡನೆ ಒಂದು ಲಕ್ಷ ಟನ್ನಿಗೂ ಕರಾರು ಮಾಡಲಾಯಿತು. ಕೊಳ್ಳುವ ಪ್ರಮಾಣವು ಮೊದಲೇ ಗೊತ್ತಾಗುವುದು ಮುನ್ನಡೆಯೇ ಸರಿ. ಆದರೆ ಪ್ರಮಾಣದೊಡನೆ ಬೆಲೆಯೂ ಗೊತ್ತಾಗದೆ ರೈತನ ನಿದ್ರೆಗೆ ಭದ್ರತೆಯಿಲ್ಲ.

ನಾವು ಬರಿಯ ಕಾಳು ಕೊಡುವ ಸೀಮೆಯಾಗಿ ಉಳಿದಿಲ್ಲವೆಂಬುದನ್ನೂ ಹೇಳಬೇಕು. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿಯೂ ತಾಂಡೂರಿನ ತೊಗರಿಗೆ ೨೦೨೨ರಲ್ಲಿಯೂ ಭೌಗೋಳಿಕ ಗುರುತು ದೊರೆಯಿತು. ೨೦೨೩ರ ಆಗಸ್ಟ್ ೧೫ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮಹೀಂದ್ರ ಸಂಸ್ಥೆಯು 'ಓಜಾ' ಎಂಬ ಹಗುರವಾದ ಟ್ರ್ಯಾಕ್ಟರುಗಳನ್ನು ಲೋಕದ ಮುಂದಿಟ್ಟಿತು. ಅವು ತಯಾರಾಗುವುದು ನಮ್ಮ ಜಹೀರಾಬಾದಿನ ಕಾರ್ಖಾನೆಯಲ್ಲಿ. ಒಂದು ವಾರದ ಮೇಲೆ ಅದೇ ದೇಶದ ಜೊಹಾನ್ಸ್‌ಬರ್ಗಿನಲ್ಲಿ ಬ್ರಿಕ್ಸ್ ರಾಷ್ಟ್ರಗಳು ಕೂಡಿ ಹೊಸ ಸದಸ್ಯರನ್ನು ಕರೆದುಕೊಳ್ಳಲು ನಿಶ್ಚಯಿಸಿದವು. ೨೦೨೫ರ ಜನವರಿಯಲ್ಲಿ ಇಂಡೊನೇಷಿಯವು ಆ ಕೂಟವನ್ನು ಸೇರಿತು. ಎಪ್ಪತ್ತು ವರ್ಷಗಳ ಹಿಂದೆ ಬಾಂಡುಂಗಿನಲ್ಲಿ ಅತಿಥಿಗಳನ್ನು ಬರಮಾಡಿಕೊಂಡ ದೇಶವದು.

ಹಾಗಾದರೆ ಇಂಥ ಸಹಕಾರಕ್ಕೆ ಮಾದರಿಯನ್ನು ಎಲ್ಲಿ ನೋಡಬೇಕು? ಜಹೀರಾಬಾದಿನ ಸುತ್ತಣ ಹಳ್ಳಿಗಳಲ್ಲಿಯೇ ನೋಡಬಹುದೆಂದು ನಾನು ವಿನಯಪೂರ್ವಕವಾಗಿ ಸೂಚಿಸುವೆನು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಬಡ ದಲಿತ ಹೆಣ್ಣುಮಕ್ಕಳು ಸಂಘಗಳನ್ನು ಕಟ್ಟಿಕೊಂಡರು. ಬೀಳುಬಿದ್ದ ಹೊಲಗಳನ್ನು ಹಸನು ಮಾಡಲು ಸಂಘದಿಂದ ಸಾಲ ಕೊಟ್ಟರು. ಸಾಲವನ್ನು ಹಣದಲ್ಲಿ ಕೇಳದೆ ಜೋಳದ ರೂಪದಲ್ಲಿ ಹಲವು ವರ್ಷಗಳ ಕಂತಿನಲ್ಲಿ ತೀರಿಸಿಕೊಂಡರು. ಹಾಗೆ ಕೂಡಿದ ಕಾಳನ್ನು ಊರಿನ ಕಣಜದಲ್ಲಿಟ್ಟು, ಯಾವ ಮನೆ ಹೆಚ್ಚು ಬಡತನದಲ್ಲಿದೆಯೆಂದು ಊರವರೇ ಕೂಡಿ ಗೊತ್ತುಮಾಡಿ, ಹಸಿವಿನ ತಿಂಗಳುಗಳಲ್ಲಿ ಕಡಮೆ ಬೆಲೆಗೆ ಹಂಚಿದರು. ೨೦೧೯ರಲ್ಲಿ ಈ ಸಂಘಗಳಿಗೆ ಸಂಯುಕ್ತ ರಾಷ್ಟ್ರಸಂಸ್ಥೆಯ ಅಂಗವೊಂದು ಕೊಡುವ ಈಕ್ವೇಟರ್ ಪ್ರಶಸ್ತಿಯು ಬಂದಿತು. ಯಾರ ಬಳಿ ಎಷ್ಟಿದೆಯೆಂಬುದು ಎಲ್ಲರಿಗೂ ತಿಳಿದಿರುವುದು, ಸಾಲ ತೀರಿಸುವ ರೀತಿ ಬೆಳೆಗಾರನ ಶಕ್ತಿಗೆ ಹೊಂದಿರುವುದು, ಕಷ್ಟಕಾಲಕ್ಕೆ ಮೊದಲೇ ಕೂಡಿಡುವುದು: ಈ ಮೂರು ನಿಯಮಗಳು ಓದುಬರಹವರಿಯದ ತಾಯಂದಿರಿಗೆ ಹೊಳೆದಿದ್ದವು. ಬಿತ್ತನೆಗೆ ಮೊದಲೇ ಎರಡೂ ದೇಶಗಳ ಲೆಕ್ಕವನ್ನು ಪ್ರಕಟಿಸುವುದು, ಎರಡೂ ಕಡೆಯ ರೈತನಿಗೆ ತಳಬೆಲೆಯನ್ನು ಕಟ್ಟುವುದು, ಇಬ್ಬರೂ ಕೂಡಿ ದಾಸ್ತಾನು ಇಡುವುದು ದೊಡ್ಡ ರಾಷ್ಟ್ರಗಳಿಗೆ ಅಸಾಧ್ಯವೇ?

ಆದಿಲಶಹ, ನಿಜಾಮಶಹ, ಸಾಮೂದಿರಿಗಳ ಮೈತ್ರಿ ಒಂದು ವರ್ಷದ ಮುತ್ತಿಗೆಯೊಡನೆ ಮುಗಿಯಿತು. ಪಸ್ತಾಪುರದ ತಾಯಂದಿರ ಕೂಟವು ದಶಕಗಳ ಕಾಲ ಬಾಳಿತು. ಇಂದಿನ ಹೊಸ ಬಲಗಳ ಕೂಟವು ಇವುಗಳಲ್ಲಿ ಯಾವುದನ್ನು ಹೋಲುವುದೆಂಬುದನ್ನು ಅವರ ಶಿಖರಸಭೆಗಳ ಘೋಷಣೆಗಳಿಂದ ಅಳೆಯಲಾಗದು. ತಾಂಡೂರಿನ ಗಂಜಿನಲ್ಲಿಯೂ ಮೊಜಾಂಬಿಕ್‌ನ ಸಂತೆಯಲ್ಲಿಯೂ ಒಂದೇ ದಿನ ತೂಗಿ ಅಳೆಯಬೇಕು. ಎರಡು ರಾಜ್ಯಗಳ ನಡುವೆ ಬಾಳಿ, ಮೂರು ಭಾಷೆಗಳಲ್ಲಿ ಒಂದೇ ಕಾಳನ್ನು ಮಾರಿ ಬದುಕಿದ ನಮಗೆ ಈ ತೂಕವು ಚೆನ್ನಾಗಿ ತಿಳಿಯಬೇಕು.

ಪ್ರಶ್ನೆ ಕೇಳಿದ ಹುಡುಗನು ಈಗ ಬೆಳೆದು ತಂದೆಯ ಹೊಲವನ್ನೇ ನೋಡಿಕೊಳ್ಳುತ್ತಿರುವನು. ಕಳೆದ ಸಲ ಗಂಜಿನಲ್ಲಿ ಸಿಕ್ಕಿದಾಗ ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆನು. ಅವನು ಗಮನವಿಟ್ಟು ಕೇಳಿ, "ಆ ದೇಶದಾಗೂ ನಮ್ಮಂಗ ಮಂದಿ ಚೀಲದ ಮ್ಯಾಲೆ ಮಲಗಿರಬೇಕ್ರಿ ಸರ್" ಎಂದನು. ಅಂದು ನಾನು ಕೊಡಲಾರದ ಉತ್ತರವನ್ನು ಅವನೇ ಕೊಟ್ಟನು.